ಅಲ್ಪಪ್ರಾಣ

ಮುಐದರ್, ಕತಾರ್
17 ಡಿಸೆಂಬರ್ 2023

ಪೂಜ್ಯ ನೀಲಕ್ಕ ಅಕ್ಕೋರಿಗೆ ನಿಮ್ಮ ವಿದ್ಯಾರ್ಥಿ ಬಸವಲಿಂಗನ ಶರಣು.

ಹೋದ ಪತ್ರವನ್ನು ನೀವು ತಿದ್ದಿ ಕಳಿಸಿದ್ದು ಮುಟ್ಟಿತು. ಹದಿನೇಳು ತಪ್ಪು. ಅದರಲ್ಲಿ ಹನ್ನೊಂದು ಅಲ್ಪಪ್ರಾಣ, ಮಹಾಪ್ರಾಣದವು. ಸಂಜೀವ ಕೆಂಪು ಶಾಯಿ ನೋಡಿ, "ಲೇ ಬಸ್ಯಾ, ನಮ್ಮಕ್ಕನ ಕೈಯಾಗ ನೀ ಇನ್ನೂ ಪಾಸಾಗಿಲ್ಲ ನೋಡ" ಎಂದು ರೂಮಿನವರಿಗೆಲ್ಲ ತೋರಿಸಿದ. ತಾನು ಮಾತ್ರ ಒಂದು ಸಾಲನ್ನೂ ಬರೆಯುವುದಿಲ್ಲ. ನಿಮ್ಮ ತಮ್ಮನ ಕ್ಷೇಮವನ್ನು ಆರು ವರ್ಷದಿಂದ ನಾನೇ ಬರೆಯುತ್ತಿದ್ದೇನೆ. ಇವತ್ತೂ ಬರೆಯುತ್ತೇನೆ: ಕ್ಷೇಮ. ಸ್ವಲ್ಪ ದಪ್ಪಗಾಗಿದ್ದಾನೆ.

ಕಂಪನಿ ನಮ್ಮಿಬ್ಬರನ್ನೂ ಪಶ್ಚಿಮಕ್ಕೆ, ಜಕ್ರೀತ್ ದಾಟಿ ಹಾಕಿದೆ. ಹೊಸ ರಸ್ತೆಯ ಸರ್ವೆ. ಅಲ್ಲಿ ಒಂದು ಕಣಿವೆ ಇದೆ. ಆಳ ಹೆಚ್ಚಿಲ್ಲ, ಮೂವತ್ತೆರಡು ಅಡಿ, ನಾನೇ ಅಳೆದಿದ್ದೇನೆ. ಆದರೆ ಅದರೊಳಗಿನ ಕಲ್ಲುಗಳನ್ನು ನೀವು ನೋಡಬೇಕು. ನಮ್ಮ ಊರಿನ ಹಾಗೆ ಕೆಂಪಲ್ಲ, ಸುಣ್ಣದ ಬಿಳಿ. ಕೆಳಗಿನ ಮೆತ್ತನೆಯ ಕಲ್ಲನ್ನು ಗಾಳಿ ತಿಂದುಹಾಕಿದೆ, ಮೇಲಿನ ಗಟ್ಟಿ ಕಲ್ಲು ಉಳಿದಿದೆ. ಸಣಕಲು ಕಂಬದ ಮೇಲೆ ಯಾರೋ ಬೀಸುಕಲ್ಲು ಹೊರಿಸಿ ಹೋದ ಹಾಗೆ ಕಾಣುತ್ತದೆ. ಒಂದು ಕಂಬವಂತೂ ನಡುವಿನಲ್ಲಿ ನನ್ನ ತೊಡೆಯಷ್ಟೇ ದಪ್ಪ ಇದೆ. ಅದರ ಕೆಳಗೆ ನಿಂತರೆ ಕುತ್ತಿಗೆ ತಾನಾಗಿ ಕುಗ್ಗುತ್ತದೆ.

ಆ ನೆಲ ಒಂದು ಕಬೀಲೆಯವರದು, ಅಂದರೆ ಅರಬ್ಬಿ ಬುಡಕಟ್ಟಿನವರದು. ಹಿಂದೆ ಒಂಟೆ ಕಟ್ಟಿಕೊಂಡು ಅಲ್ಲೇ ಇದ್ದರಂತೆ. ಈಗ ಅವರೆಲ್ಲ ಪಟ್ಟಣದ ಕಡೆ ಮನೆ ಕಟ್ಟಿಕೊಂಡಿದ್ದಾರೆ, ಚಳಿಗಾಲಕ್ಕೆ ಬಂದು ಡೇರೆ ಹಾಕುತ್ತಾರೆ. ಉಳಿದ ದಿನ ಒಂಟೆಗಳನ್ನು ನೋಡಿಕೊಳ್ಳಲು ಒಬ್ಬ ಮುದುಕನಿದ್ದಾನೆ, ಸಿಂಧ್ ಪ್ರಾಂತದವನು. ಹೆಸರು ಬಚಲ್. ಸಂಜೀವನಿಗೆ ಅಷ್ಟು ಸಾಕಾಯಿತು. "ಏ ಬಚ್ಚಲಾ, ನೀರ ಕಾದಾವೇನೋ?" ಎಂದು ದಿನಾ ಕೂಗುತ್ತಾನೆ. ಮುದುಕ ಕೈ ಎತ್ತಿ ಸಲಾಂ ಎನ್ನುತ್ತಾನೆ.

ಅವನಿಂದ ಒಂದು ತೊಂದರೆಯಾಗಿದೆ. ರಸ್ತೆ ಹೋಗುವ ಗೆರೆಯಲ್ಲಿ ನಾವು ಕಬ್ಬಿಣದ ಪೆಗ್ಗು, ನಂಬರು ಹಾಕಿದ ಗೂಟ, ಹೊಡೆಯುತ್ತೇವೆ. ನಲವತ್ತೊಂದರಿಂದ ನಲವತ್ತನಾಲ್ಕರವರೆಗಿನ ಪೆಗ್ಗುಗಳು ಮರುದಿನ ಇರುವುದಿಲ್ಲ. ಮೂರು ಸಲ ಹೊಡೆದೆವು, ಮೂರು ಸಲ ಕಿತ್ತ. ಕಿತ್ತದ್ದನ್ನು ಎಸೆಯುವುದೂ ಇಲ್ಲ, ಗೋಣಿಚೀಲದಲ್ಲಿ ಹಾಕಿ ನಮ್ಮ ದಾರಿಗೆ ಇಟ್ಟಿರುತ್ತಾನೆ. ಮೊನ್ನೆ ನಮ್ಮ ಮೇಲಿನವನು, ಫಿಲಿಪ್ಪೀನ್ಸಿನ ಬ್ರಯನ್, ಅವನನ್ನು ಎದೆಗೆ ಕೈಹಚ್ಚಿ ದೂಡಿದ. ಮುದುಕ ಬಿದ್ದ. ಎದ್ದು ನಮ್ಮ ಸುತ್ತಿಗೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕುಳಿತ. ಬಿಡಿಸಿಕೊಳ್ಳಲು ನಾನು ಅವನ ಬೆರಳುಗಳನ್ನು ಒಂದೊಂದಾಗಿ ಹಿಂದಕ್ಕೆ ಬಗ್ಗಿಸಬೇಕಾಯಿತು.

ತಪ್ಪುಗಳಿದ್ದರೆ ತಿದ್ದಿರಿ.

ನಿಮ್ಮ ವಿಧೇಯ
ಬಸವಲಿಂಗ

*

ಗುಳೇದಗುಡ್ಡ
5 ಜನವರಿ 2024

ಚಿ. ಬಸವಲಿಂಗನಿಗೆ ಆಶೀರ್ವಾದಗಳು.

ಒಂಬತ್ತು ತಪ್ಪು. ಸುಧಾರಿಸಿದ್ದೀ. ಉಳಿದವರೆಲ್ಲ ಫೋನಿನಲ್ಲಿ ಬೆರಳು ಒತ್ತಿ ಮಾತು ಮುಗಿಸುವ ಕಾಲದಲ್ಲಿ ನೀನು ಕಾಗದದ ಮೇಲೆ ಬರೆಯುತ್ತೀ ಎಂಬ ಸಮಾಧಾನ ನನಗಿದೆ. ಶಾಲೆಯಲ್ಲಿ ಈಗ ಮಕ್ಕಳ ಮೈ ಮುಟ್ಟುವಂತಿಲ್ಲ, ಸುತ್ತೋಲೆ ಬಂದು ಎಷ್ಟೋ ವರ್ಷವಾಯಿತು. ಆದ್ದರಿಂದಲೇ ಏಳನೆಯ ಇಯತ್ತೆಯವರಿಗೂ ಒತ್ತಕ್ಷರ ಬರುವುದಿಲ್ಲ.

ಸಂಜೀವನಿಗೆ ಮೂವತ್ತೊಂದು ತುಂಬಿತು. ಹೆಣ್ಣು ಕೊಡುವವರು ಮೊದಲು ಕೇಳುವುದು ಸ್ವಂತ ಮನೆ ಇದೆಯೇ ಎಂದು. ನಮ್ಮಲ್ಲಿ ಗುಡ್ಡ ಹತ್ತಿದವರು ಮನೆಯಾಗಲಿ ಎಂದು ಕಲ್ಲಿನ ಮೇಲೆ ಕಲ್ಲು ಪೇರಿಸಿ ಬರುವುದಿಲ್ಲವೇ? ನೀನು ಬರೆದ ಕಣಿವೆಯಲ್ಲಿ ಕಲ್ಲಿಗೇನು ಬರ. ರಜೆಯ ದಿನ ಅವನನ್ನು ಕರೆದುಕೊಂಡು ಹೋಗಿ, ಅವನ ಹೆಸರಿನಲ್ಲಿ ಒಂದು ಮನೆ ಪೇರಿಸಿಸು. ಅವನು ನಗುತ್ತಾನೆ. ನಗಲಿ. ನೀನು ಕಲ್ಲು ಆರಿಸಿಕೊಡು, ಅವನು ಇಡಲಿ.

ಆ ಮುದುಕನ ಗೊಡವೆ ನಿಮಗೆ ಬೇಡ. ಹೊಡೆಸಿಕೊಂಡವನು ಸುಮ್ಮನೆ ಇರುವುದಿಲ್ಲ.

ನಿಮ್ಮ ರೂಮಿನ ಮುದ್ದುಕೃಷ್ಣ ರಜೆ ಮುಗಿಸಿ ಅಲ್ಲಿಗೆ ಹೊರಟಿದ್ದಾನೆ. ಇದನ್ನು ಅವನ ಕೈಗೆ ಕೊಟ್ಟಿದ್ದೇನೆ. ಶೇಂಗಾ ಹಿಂಡಿ ಇಬ್ಬರಿಗೂ.

ನೀಲಕ್ಕ

*

ಮುಐದರ್
15 ಜನವರಿ 2024

ಅಕ್ಕೋರಿಗೆ ಶರಣು.

ಇವತ್ತು ಸಂಕ್ರಾಂತಿ. ನಿಮ್ಮ ಮನೆಯಲ್ಲಿ ಕುಸರೆಳ್ಳು ಹಂಚುತ್ತಿರಬಹುದು. ನಿಮ್ಮ ಫೋನು ಎತ್ತಲಿಲ್ಲ, ಕ್ಷಮಿಸಿ. ಕಾರಣ ಕೆಳಗಿದೆ.

ಶುಕ್ರವಾರ ನಮ್ಮ ರಜೆ. ಮುದ್ದುಕೃಷ್ಣನ ಕಾರು ಕೇಳಿಕೊಂಡು ನಾನೂ ಸಂಜೀವನೂ ಕಣಿವೆಗೆ ಹೋದೆವು. ನೀವು ಹೇಳಿದಂತೆ ಕಲ್ಲು ಪೇರಿಸಲಾಯಿತು. ಆಗ ಬಚಲ್ ಕೋಲು ಹಿಡಿದು ಮೇಲಿನಿಂದ ಓಡಿ ಬಂದ. "ಕಬರ್ ಹೈ, ಕಬರ್ ಹೈ" ಎಂದು ಹಿಂದಿಯಲ್ಲಿ ಬಯ್ಯುತ್ತ ಬಂದ. ತಳ್ಳಾಟವಾಯಿತು. ಕಲ್ಲು ತಗುಲಿತು. ಅವನ ತಲೆಗೆ ಗಾಯವಾಯಿತು. ಆಂಬುಲೆನ್ಸಿಗೆ ಫೋನ್ ಮಾಡಲಾಯಿತು. ಪೊಲೀಸರು ಬಂದರು. ಸಂಜೀವನನ್ನು ಕರೆದುಕೊಂಡು ಹೋಗಲಾಯಿತು.

ಅವನು ಠಾಣೆಯಲ್ಲಿದ್ದಾನೆ. ಆರೋಗ್ಯವಾಗಿದ್ದಾನೆ, ಕಿವಿಯ ಹತ್ತಿರ ಬಾವು ಇದೆ ಅಷ್ಟೆ. ಮುದುಕನಿಗೆ ಪ್ರಜ್ಞೆ ಬಂದಿಲ್ಲ. ದೋಹಾದ ಅಲ್ ಹಿಲಾಲ್‌ನಲ್ಲಿ ಚೂಡಾಮಣಿ ಮೇಡಂ ಎಂಬವರಿದ್ದಾರೆ, ಮೈಸೂರಿನವರು, ಕನ್ನಡ ಸಂಘದವರು. ಇಂಥ ಕೇಸುಗಳಲ್ಲಿ ಠಾಣೆಗೆ ಹೋಗಿ ಮಾತನಾಡುತ್ತಾರೆ, ಅರಬ್ಬಿ ಬರುತ್ತದೆ. ಫೋನಿನಲ್ಲಿ ಕೇಸಿನ ವಿಷಯ ಆಡಬೇಡಿ ಎಂದು ಅವರೇ ಹೇಳಿದ್ದಾರೆ. ಆದ್ದರಿಂದ ಊರಿಗೆ ಹೋಗುವವರೊಬ್ಬರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ನೀವು ಗಾಬರಿಯಾಗಬಾರದು.

ಬಸವಲಿಂಗ

*

ಗುಳೇದಗುಡ್ಡ
24 ಜನವರಿ 2024

ಬಸವಲಿಂಗ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಮೊದಲು ಅಕ್ಕನಾಗಿ, ಆಮೇಲೆ ಮಾಸ್ತರಿಕೆ ಮಾಡುವವಳಾಗಿ.

ಕಲ್ಲು ಪೇರಿಸಲಾಯಿತು. ತಳ್ಳಾಟವಾಯಿತು. ಕಲ್ಲು ತಗುಲಿತು. ಗಾಯವಾಯಿತು. ಫೋನ್ ಮಾಡಲಾಯಿತು. ಇವುಗಳ ಕರ್ತೃಪದ ಎಲ್ಲಿ? ಕಲ್ಲು ತಗುಲಿತು ಎಂಬಲ್ಲಿ ಕಲ್ಲೇ ಕರ್ತೃ ಎಂದು ನೀನು ವಾದಿಸಬಹುದು. ಕಲ್ಲಿಗೆ ಕೈಯಿಲ್ಲ. ಕೋಲು ಹಿಡಿದು ಓಡಿ ಬಂದ ಬಚಲ್‌ನಿಗೆ ಮಾತ್ರ ಕರ್ತೃಪದ ಸಿಕ್ಕಿದೆ. ನಮ್ಮ ಹುಡುಗರಿಬ್ಬರೂ ನಿನ್ನ ವಾಕ್ಯದಲ್ಲಿ ಏನೂ ಮಾಡದೆ ನಿಂತಿದ್ದಾರೆ.

ನೀನು ಯಾಕೆ ಹೀಗೆ ಬರೆದೆ ಎಂದು ನನಗೆ ತಿಳಿಯಿತು. ನನಗೆ ನೋವಾಗಬಾರದು ಎಂದು ಮುಚ್ಚುತ್ತಿದ್ದೀ. ಮುಚ್ಚಬೇಡ. ಸಂಜೀವನ ಕೈ ಮೊದಲಿನಿಂದ ಮುಂದು. ನನ್ನ ತಮ್ಮ ಹೊಡೆದಿದ್ದರೆ, ಸಂಜೀವ ಹೊಡೆದ ಎಂದು ಬರೆ. ನಾನು ತಡೆದುಕೊಳ್ಳುತ್ತೇನೆ. ಅವನನ್ನು ಎಂಟು ವರ್ಷದವನಿದ್ದಾಗಿನಿಂದ ಸಾಕಿದವಳು ನಾನು, ಅವನು ಮಾಡಿದ್ದನ್ನು ಕೇಳುವ ಹಕ್ಕು ನನಗಿದೆ. ಅವನು ಜೈಲಿನಲ್ಲಿ ಎಷ್ಟು ವರ್ಷ ಇರಬೇಕಾಗುತ್ತದೆ ಎಂಬುದು ಅವನು ಏನು ಮಾಡಿದ ಎಂಬುದರ ಮೇಲೆ ಇದೆ, ಮತ್ತು ಅದನ್ನು ನೋಡಿದವನು ನೀನೊಬ್ಬನೇ.

ಖಬರ್ ಎಂದು ಬರೆಯಬೇಕು, ಎಚ್ಚರ, ಅರಿವು ಎಂದು ಅರ್ಥ. ಮಹಾಪ್ರಾಣ. ಇಷ್ಟು ವರ್ಷವಾದರೂ ಇದೊಂದು ಅಕ್ಷರ ನಿನಗೆ ಒಲಿಯಲಿಲ್ಲ.

ನೀಲಕ್ಕ

*

ಮುಐದರ್
4 ಫೆಬ್ರುವರಿ 2024

ಅಕ್ಕೋರಿಗೆ,

ನೀವು ತಿಳಿದದ್ದು ಸರಿ. ಸಂಜೀವ ಹೊಡೆದ.

ಮೊದಲು ಮುದುಕನೇ ಕೋಲಿನಿಂದ ಸಂಜೀವನ ಕಿವಿಯ ಮೇಲೆ ಬಿಟ್ಟ. ಒಂಟೆ ಅಟ್ಟುವ ಕೋಲು, ಬಿದಿರಿನದು. ಚರ್ಮ ಹರಿಯಿತು. ಆಮೇಲೆ ಪೇರಿಸಿದ ಕಲ್ಲುಗಳನ್ನು ಕಾಲಿನಿಂದ ಒದ್ದ, ನಮ್ಮ ಮುಖಕ್ಕೆ ಮುಖ ತಂದು ಮತ್ತೆ ಅದೇ ಬೈಗುಳ ಕೂಗಿದ, ಉಗುಳು ಕೆನ್ನೆಗೆ ಸಿಡಿಯಿತು. ಆಗ ಸಂಜೀವ ಕೈಯಲ್ಲಿದ್ದ ಕಲ್ಲಿನಿಂದ ಅವನ ಎಡ ಕಪಾಲಕ್ಕೆ ಹೊಡೆದ. ಕಲ್ಲು ಒಂದು ಬದಿ ನುಣುಪು, ಇನ್ನೊಂದು ಬದಿ ಕೊಡಲಿಯ ಬಾಯಿಯ ಹಾಗಿತ್ತು. ಬೆಳಗಿನಿಂದ ಬಿಸಿಲಿಗೆ ಬಿದ್ದಿದ್ದರೂ ಒಳಗೆ ತಣ್ಣಗಿತ್ತು. ಹೊಡೆದಾಗ ಅದರ ಅಂಚು ಅಂಗೈಗೆ ತಿರುಗಿ ನಾಟಿತು. ಮುದುಕನ ತಲೆ ತೆಂಗಿನಕಾಯಿಯ ಹಾಗೆ ಸಪ್ಪಳ ಮಾಡುತ್ತದೆ ಎಂದು ಎಣಿಸಿದ್ದರೆ ಹಾಗಾಗಲಿಲ್ಲ, ಹಸಿ ಕಟ್ಟಿಗೆಯ ಸಪ್ಪಳವಾಯಿತು.

ಇದು ನಿಜವಾದ ಸಂಗತಿ. ವಿಚಾರಣೆಗೆ ಕರೆದ ಪೊಲೀಸರ ಮುಂದೆ ಮಾತ್ರ ನಾನು ಕಾರಿನ ಬಳಿ ಇದ್ದೆ, ನೋಡಲಿಲ್ಲ ಎಂದು ಹೇಳಿಕೆ ಕೊಟ್ಟಿದ್ದೇನೆ. ಸಂಜೀವನಿಗೆ ಕೆಟ್ಟದಾಗಬಾರದು ಎಂದು.

ಇನ್ನೊಂದು ವಿಷಯ. ಮೊನ್ನೆ ಶುಕ್ರವಾರ ಬೆಳಿಗ್ಗೆ ಬಚಲ್ ತೀರಿಕೊಂಡ. ಒಂಟೆಗಳ ಒಡತಿ ಅಫ್ರಾ ಎಂಬ ಮುದುಕಿ, ಆ ಕಬೀಲೆಯವಳು, ಮೂರು ವಾರವೂ ಆಸ್ಪತ್ರೆಯಲ್ಲಿ ಅವನ ತಲೆಯ ಬಳಿ ಕುಳಿತಿದ್ದಳಂತೆ. ಹೀಗಾಗಿ ಕೇಸು ಈಗ ಹೊಡೆದಾಟದ್ದಲ್ಲ, ಕೊಲೆಯದು.

ಚೂಡಾಮಣಿ ಮೇಡಂ ಸಂಜೀವನನ್ನು ನೋಡಿ ಬಂದರು. ಅವನು ಪೊಲೀಸರಿಗೆ ಏನನ್ನೂ ಹೇಳುತ್ತಿಲ್ಲ. ನನಗೊಂದು ಮಾತು ಹೇಳಿ ಕಳಿಸಿದ್ದಾನೆ: "ಬಸ್ಯಾಗ ಹೇಳ್ರಿ ಮೇಡಂ, ನಾ ಯಾರ ಹೆಸರೂ ಹೇಳಿಲ್ಲ. ಹೇಳೂದು ನನ್ನ ಕೆಲಸಲ್ಲ. ಇಲ್ಲಿ ಊಟ ಛಲೋ ಐತಿ, ಬಾ ಅಂತ ಹೇಳ್ರಿ." ಅವನ ಚೇಷ್ಟೆ ಇನ್ನೂ ಬಿಟ್ಟಿಲ್ಲ.

ಬಸವಲಿಂಗ

*

ಗುಳೇದಗುಡ್ಡ
15 ಫೆಬ್ರುವರಿ 2024

ಬಸವಲಿಂಗ,

ನಿನ್ನ ಪತ್ರ ಬಂದ ದಿನ ಊಟ ಸೇರಲಿಲ್ಲ. ಸಂಜೀವ ಹೊಡೆದ ಎಂಬ ವಾಕ್ಯವನ್ನು ನಾನೇ ನಿನ್ನಿಂದ ಬರೆಸಿದ್ದೆ, ಆದ್ದರಿಂದ ಯಾರನ್ನೂ ದೂರುವಂತಿರಲಿಲ್ಲ. ಎರಡು ದಿನ ಅದನ್ನು ನಂಬಿದೆ. ನನ್ನ ತಮ್ಮನನ್ನು ಮನಸ್ಸಿನಲ್ಲಿಯೇ ಗಲ್ಲಿಗೇರಿಸಿದೆ.

ಮೂರನೆಯ ದಿನ ಶಾಲೆಯಲ್ಲಿ ಉರ್ದು ಕಲಿಸುವ ಮುನೀರಾಳಿಗೆ ಪತ್ರಗಳನ್ನೆಲ್ಲ ತೋರಿಸಿದೆ. ಯಾರಿಗಾದರೂ ತೋರಿಸದೆ ಇರಲು ಆಗಲಿಲ್ಲ. ನಿನಗೆ ತಿರುಗಿ ಕಳಿಸದೆ ಇಟ್ಟುಕೊಂಡ ಜನವರಿಯ ಪತ್ರದಲ್ಲಿ ನಾನು ಕೆಂಪು ಶಾಯಿಯಲ್ಲಿ ತಿದ್ದಿದ್ದ ಜಾಗಕ್ಕೆ ಬಂದು ಅವಳು ನಿಂತಳು. "ಇದನ್ಯಾಕ ತಿದ್ದೀರಿ ಅಕ್ಕೋರ? ಹುಡುಗ ಬರೋಬ್ಬರಿ ಬರದಾನಲ್ಲ. ಕಬರ್ ಅಂದ್ರ ಗೋರಿ. ಕಬರಸ್ತಾನ ಅನ್ನೂದಿಲ್ಲೇನು ನೀವು? ಆ ಮುದುಕ ಬೈದಿಲ್ಲ. ಗೋರಿ ಐತಿ, ಗೋರಿ ಐತಿ ಅಂತ ಬಡಕೊಂಡಾನ."

ನಾನು ಇಪ್ಪತ್ತಾರು ವರ್ಷದಿಂದ ಕಬರಸ್ತಾನದ ಗೋಡೆಗೆ ಹತ್ತಿಕೊಂಡ ಶಾಲೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ನೀನು ಅದೇ ಶಾಲೆಯಲ್ಲಿ ಓದಿದವನು. ಇಬ್ಬರಿಗೂ ಕೇಳಿಸಲಿಲ್ಲ. ನೀನು ಕೇಳಿದ್ದು ಖ. ಬರೆಯುವಾಗ ಹಳೆಯ ರೂಢಿಯಂತೆ ತಪ್ಪಿ ಕ ಬರೆದೆ, ತಪ್ಪಿದ್ದೇ ಸರಿಯಾಗಿತ್ತು. ಅದನ್ನು ನಾನು ತಿದ್ದಿದೆ.

ಆ ಪೆಗ್ಗುಗಳನ್ನು ಅವನು ಯಾಕೆ ಕೀಳುತ್ತಿದ್ದ ಎಂದು ಈಗ ಯೋಚಿಸು. ನಿಮ್ಮ ರಸ್ತೆ ಹೆಣಗಳ ಮೇಲೆ ಹಾಯುತ್ತಿತ್ತು.

ಆಮೇಲೆ ನಿನ್ನ ಕೊನೆಯ ಪತ್ರವನ್ನು ಮತ್ತೆ ಓದಿದೆ. ಕಲ್ಲಿನ ಒಂದು ಬದಿ ನುಣುಪು, ಒಳಗೆ ತಣ್ಣಗೆ, ಅಂಚು ಅಂಗೈಗೆ ನಾಟಿತು. ಸಂಜೀವನ ಅಂಗೈಯಲ್ಲಿ ಕಲ್ಲು ತಣ್ಣಗಿತ್ತು ಎಂದು ನಿನಗೆ ಹೇಗೆ ಗೊತ್ತು? ಕೆನ್ನೆಗೆ ಉಗುಳು ಸಿಡಿಯಿತು ಎಂದೆಯಲ್ಲ, ಯಾರ ಕೆನ್ನೆಗೆ? ಬರೆಯಲು ಬರುವವನಿಗೆ ಸುಳ್ಳು ಬರೆಯುವುದು ಕಷ್ಟ, ಬಸವಲಿಂಗ.

ಸಂಜೀವ ಊಟಕ್ಕೆ ಕರೆದದ್ದು ಚೇಷ್ಟೆಯಲ್ಲ. ನೀನು ಬರಲಿ ಎಂದು ಅವನು ಕಾಯುತ್ತಿದ್ದಾನೆ. ನಿನ್ನ ಹೆಸರನ್ನು ಅವನು ಹೇಳುವುದಿಲ್ಲ, ಅದು ನನಗೆ ಗೊತ್ತು. ಅವನ ಹಾಗೆ ನಾನು ಕಾಯುವವಳಲ್ಲ. ಈ ಪತ್ರ ಮುಟ್ಟಿದ ಮೇಲೆ ಒಂದು ವಾರ ಕೊಡುತ್ತೇನೆ. ಆಮೇಲೆ ನಿನ್ನ ಪತ್ರಗಳ ಕಟ್ಟು ಚೂಡಾಮಣಿಯವರ ಕೈಗೆ ಹೋಗುತ್ತದೆ.

ನೀಲಕ್ಕ

*

ಮುಐದರ್
25 ಫೆಬ್ರುವರಿ 2024

ಅಕ್ಕೋರೆ,

ನಾನು ಹೊಡೆದೆ.

ಇದರಲ್ಲಿ ಕರ್ತೃಪದ ಇದೆ, ಕ್ರಿಯಾಪದ ಇದೆ. ಉಳಿದದ್ದನ್ನೂ ಬರೆಯುತ್ತೇನೆ. ನಾಳೆ ಬೆಳಿಗ್ಗೆ ಚೂಡಾಮಣಿ ಮೇಡಂ ಬರುತ್ತಾರೆ, ಅವರ ಜೊತೆ ಠಾಣೆಗೆ ಹೋಗುತ್ತೇನೆ. ಅವರಿಗೆ ನಿನ್ನೆ ಎಲ್ಲ ಹೇಳಿದೆ. "ಆ ಹುಡುಗ ನಲವತ್ತು ದಿನದಿಂದ ಒಳಗಿದ್ದಾನೆ ಕಣಪ್ಪ, ನಿನಗೆ ನಿದ್ದೆ ಹೇಗೆ ಬರ್ತಿತ್ತು?" ಎಂದು ಕೇಳಿದರು. ಬರುತ್ತಿತ್ತು ಎಂದೆ.

ಕಣಿವೆಯಲ್ಲಿ ಒಂದು ಕಡೆ ನೆಲ ಸಮ ಇದೆ. ಅಲ್ಲಿ ಕಲ್ಲುಗಳನ್ನು ಎರಡೆರಡಾಗಿ ನೆಟ್ಟಿದ್ದರು. ಕೆಲವು ಜೋಡಿಗಳ ನಡುವೆ ಐದಡಿ, ಕೆಲವುಗಳ ನಡುವೆ ಎರಡಡಿ. ಎಲ್ಲವೂ ಒಂದೇ ದಿಕ್ಕಿಗೆ. ಅವು ಗೋರಿ ಎಂದು ತಿಳಿಯಲು ಸರ್ವೆ ಮಾಡುವವನಿಗೆ ಇಷ್ಟು ಸಾಕಾಗಬೇಕಿತ್ತು. ಆ ದಿಕ್ಕನ್ನು ಡಿಸೆಂಬರಿನಲ್ಲಿಯೇ ನಾನು ಯಂತ್ರದಲ್ಲಿ ಹಿಡಿದಿದ್ದೆ, ಪುಸ್ತಕದಲ್ಲಿ ಬರೆದೂ ಇದ್ದೆ. ನಾನು ಕಿತ್ತದ್ದು ಎರಡಡಿಯ ಜೋಡಿಗಳನ್ನು. ಅವು ಹಗುರವಾಗಿದ್ದವು. ನೀವು ಹೇಳಿದಂತೆ ನಾನು ಆರಿಸಿಕೊಟ್ಟೆ, ಸಂಜೀವ ಇಟ್ಟ. "ಬಾಗಲಾ ಯಾವ ದಿಕ್ಕಿಗೆ ಇಡೂಣಲೇ? ನಮ್ಮಕ್ಕ ವಾಸ್ತು ಕೇಳ್ತಾಳ ಮತ್ತ" ಎಂದು ನಗುತ್ತಿದ್ದ. ಅವು ಅಫ್ರಾಳ ಅಣ್ಣತಮ್ಮಂದಿರ ಗೋರಿಗಳಂತೆ. ಒಂದೇ ಬೇಸಿಗೆಯಲ್ಲಿ ಹೋದ ಮೂರು ಕೂಸುಗಳು.

ಬಚಲ್ ಸಂಜೀವನ ಕಿವಿಗೆ ಹೊಡೆದದ್ದು ನಿಜ. ಸಂಜೀವ ಬಿದ್ದ. ಆಮೇಲೆ ಮುದುಕ ಕೋಲು ಬಿಸಾಕಿ, ಎರಡೂ ಕೈಯಿಂದ ನನ್ನ ಅಂಗಿ ಹಿಡಿದು ಮುಖಕ್ಕೆ ಮುಖ ತಂದ. ಅವನ ಕಣ್ಣಲ್ಲಿ ನೀರಿತ್ತು. ಅದನ್ನು ನಾನು ನೋಡಿದೆ. ಆದರೆ ಅವನು ಕೂಗಿದಾಗ ನನಗೆ ಕೇಳಿದ್ದು ಅವನ ಧ್ವನಿಯಲ್ಲ. "ಖಬರ್ ಐತೇನಲೇ ನಿನಗ? ಖಬರ್ ಐತೇನು?" ಐದನೆಯ ಇಯತ್ತೆ. ಮೇಜಿನ ಮೇಲೆ ನನ್ನ ಎಡಗೈ. ನಿಮ್ಮ ಕಟ್ಟಿಗೆಯ ಪಟ್ಟಿ, ಚಪ್ಪಟೆಯಾಗಿ ಅಲ್ಲ, ಅಂಚಿನಿಂದ. ಒಂದು ಖ ತಪ್ಪಿದ್ದಕ್ಕೆ ಒಂದು ಏಟು. ಹೆಬ್ಬೆರಳಿನ ಗೆಣ್ಣು ಒಡೆದ ದಿನ ನೀವು ಎಣಿಕೆ ನಿಲ್ಲಿಸಲಿಲ್ಲ, ಇನ್ನೂ ಎರಡು ಬಾಕಿ ಇವೆ ಎಂದಿರಿ. ಮನೆಯಲ್ಲಿ ಬಾಗಿಲಿಗೆ ಸಿಕ್ಕಿತು ಎಂದು ಅವ್ವನಿಗೆ ಹೇಳಿದೆ. ನೀವೂ ಹಾಗೇ ಹೇಳಿದಿರಿ. ಈ ಆರು ವರ್ಷದ ಪತ್ರಗಳಲ್ಲಿ ನೀವೂ ನಾನೂ ಅದನ್ನು ಒಂದು ಸಲವೂ ಬರೆದಿಲ್ಲ. ಆ ಬೆರಳು ಈಗಲೂ ಮಡಚುವುದಿಲ್ಲ.

ಮೂರು ಸಲ ಹೊಡೆದೆ. ಮೊದಲನೆಯದು ಅವನು ನಿಂತಿದ್ದಾಗ. ಅದು ಯಾರಿಗೆ ಬಿತ್ತು ಎಂದು ನನಗೂ ಗೊತ್ತು, ನಿಮಗೂ ಗೊತ್ತು. ಎರಡನೆಯದು ಅವನು ಮೊಣಕಾಲೂರಿದಾಗ, ಮೂರನೆಯದು ಅವನು ನನ್ನ ಕಡೆ ನೋಡುವುದನ್ನೂ ಬಿಟ್ಟು ನೆಲದ ಮೇಲೆ ಆ ಕಲ್ಲುಗಳ ಕಡೆ ತೆವಳುತ್ತಿದ್ದಾಗ. ಆ ಎರಡರಲ್ಲಿ ನಿಮ್ಮ ಪಾಲಿಲ್ಲ. ಅವನ್ನು ನಾನು ಅವನಿಗೇ ಹೊಡೆದೆ. ಹೊಡೆಯುವಾಗ ಕೈಗೆ ಹಿತವಾಗಿತ್ತು. ನಾಲ್ಕನೆಯದಕ್ಕೆ ಕೈ ಎತ್ತಿದಾಗ ಸಂಜೀವ ನನ್ನ ಕೂದಲು ಹಿಡಿದು ಹಿಂದಕ್ಕೆ ಎಳೆದ, ಇಬ್ಬರೂ ಬಿದ್ದೆವು.

ಅವನು ತನ್ನ ಅಂಗಿ ಬಿಚ್ಚಿ ಮುದುಕನ ತಲೆಗೆ ಬಿಗಿದ. ಅಲ್ಲಿ ಫೋನಿಗೆ ಸಿಗ್ನಲ್ ಇರುವುದಿಲ್ಲ. "ಓಡಲೇ, ರೋಡಿಗೆ ಹೋಗಿ ಫೋನ್ ಹಚ್ಚು. ಹಚ್ಚಿ ತಿರುಗಿ ಬಾ" ಎಂದ. ಹೋದೆ, ಫೋನ್ ಮಾಡಿದೆ, ಜಾಗ ಹೇಳಿದೆ. ತಿರುಗಿ ಹೋಗಲಿಲ್ಲ. ಕಾರನ್ನು ದೋಹಾದ ಕಡೆಗೆ ಬಿಟ್ಟೆ. ಮೊಣಕೈವರೆಗೆ ರಕ್ತ ಮಾಡಿಕೊಂಡು, ಬರಿ ಬನಿಯನ್ನಿನಲ್ಲಿ, ಮುದುಕನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತವನು ಸಂಜೀವ. ಪೊಲೀಸರು ಬಂದು ಕಂಡದ್ದು ಅವನನ್ನು. ಆ ಹೊತ್ತಿಗೆ ನಾನು ಮುಐದರಿನ ರೂಮಿನಲ್ಲಿ ಕೈ ತೊಳೆದುಕೊಂಡು ಊಟಕ್ಕೆ ಕುಳಿತಿದ್ದೆ. ನೀವು ಕಳಿಸಿದ ಶೇಂಗಾ ಹಿಂಡಿ ಇತ್ತು. ರುಚಿಯಾಗಿತ್ತು.

ಅವ್ವನಿಗೆ ಬೇರೆ ಯಾರೋ ಹೇಳುವ ಮೊದಲು ನೀವು ಹೇಳಿರಿ. ಅವಳಿಗೆ ಓದಲು ಬರುವುದಿಲ್ಲ.

ಇದನ್ನು ತಿದ್ದಬೇಡಿ.

ಬಸವಲಿಂಗ

*

ಗುಳೇದಗುಡ್ಡ
21 ಏಪ್ರಿಲ್ 2024

ಬಸವಲಿಂಗ,

ಚೂಡಾಮಣಿಯವರು ನಿನ್ನನ್ನು ನೋಡಲು ಬರುವಾಗ ಇದನ್ನು ತರುತ್ತಾರೆ. ಜೈಲಿನವರು ಮೊದಲು ಇನ್ನೊಬ್ಬರಿಂದ ಓದಿಸುತ್ತಾರಂತೆ. ಓದಿಸಲಿ.

ಸಂಜೀವ ಒಂಬತ್ತನೆಯ ತಾರೀಖು, ಯುಗಾದಿಯ ದಿನ ಬಂದ. ನಿನ್ನ ಹೇಳಿಕೆಯ ನಂತರವೂ ಅವನನ್ನು ಬಿಡಲು ಐದು ವಾರ ಬೇಕಾಯಿತು. ಕಂಪನಿ ಅವನನ್ನು ಮತ್ತೆ ಕರೆಯುವುದಿಲ್ಲ. ಕಿವಿ ಸರಿಯಾಗಿ ಕೇಳಿಸುವುದಿಲ್ಲ, ಎಡಗಡೆ ನಿಂತು ಮಾತನಾಡಿದರೆ ತಿರುಗಿ ನೋಡುವುದಿಲ್ಲ. ಬಂದ ನಾಲ್ಕನೆಯ ದಿನ ನಾನು ನಿನ್ನನ್ನು ಬಯ್ದೆ. ಬಾಯಿಗೆ ಬಂದದ್ದನ್ನೆಲ್ಲ ಬಯ್ದೆ. ಅವನು ಕೈಯಲ್ಲಿದ್ದ ಊಟದ ಗಂಗಾಳವನ್ನು ಗೋಡೆಗೆ ಎಸೆದ. "ಸಾಕ ಮಾಡಕ್ಕಾ. ಅಂವಾ ಹೊಡದಾ, ನಾ ನಕ್ಕಿದ್ದೆ. ದಿನಾ ನಕ್ಕಿದ್ದೆ ಆ ಮುದುಕನ್ನ ನೋಡಿ" ಎಂದ. ಅಷ್ಟೇ ಹೇಳಿದ್ದು. ಅನ್ನ ಗೋಡೆಯಿಂದ ಜಾರುವವರೆಗೆ ಇಬ್ಬರೂ ಅದನ್ನೇ ನೋಡುತ್ತ ಕುಳಿತೆವು.

ನಿನಗೆ ಏನಾಗುತ್ತದೆ ಎಂದು ಚೂಡಾಮಣಿಯವರಿಗೂ ತಿಳಿಯದು. ಬಚಲ್‌ನ ಮಕ್ಕಳು ಸಿಂಧ್‌ನಲ್ಲಿದ್ದಾರೆ, ಅವರು ಕ್ಷಮಿಸುತ್ತಾರೋ ಇಲ್ಲವೋ ಎಂಬುದರ ಮೇಲೆ ಇದೆಯಂತೆ. ಅಫ್ರಾ ಅವರ ಪರವಾಗಿ ನ್ಯಾಯಾಲಯಕ್ಕೆ ಪ್ರತಿ ಸಲ ಬರುತ್ತಾಳಂತೆ, ನಿನ್ನನ್ನು ನೋಡುವುದಿಲ್ಲವಂತೆ. ಅವಳು ನೋಡಲಿ ಎಂದು ನಾನು ಬಯಸುವುದಿಲ್ಲ.

ನಿನ್ನ ಫೆಬ್ರುವರಿಯ ಪತ್ರಕ್ಕೆ ಇಷ್ಟು ದಿನ ಉತ್ತರ ಬರೆಯದ್ದಕ್ಕೆ ಕಾರಣ ಸಂಜೀವನಲ್ಲ. ನಿನ್ನ ಅವ್ವನಿಗೆ ಹೇಳಲು ಧೈರ್ಯ ಸಾಲಲಿಲ್ಲ. ಅಲ್ಲಿ ಕೆಲಸ ಹೆಚ್ಚು, ಫೋನು ಕೆಟ್ಟಿದೆ ಎಂದು ಒಂದೂವರೆ ತಿಂಗಳು ಅವಳಿಗೆ ಸುಳ್ಳು ಹೇಳಿದೆ. ಅವಳು ನಂಬಿದಳು. ಅಕ್ಕೋರು ಹೇಳಿದ್ದು.

ನಿನ್ನೆ ಹೋದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಬಾಗಿಲಲ್ಲಿ ನಿಂತೇ ಎಲ್ಲ ಹೇಳಿದೆ. ಅವಳು ಬಡಿಯುವುದನ್ನು ನಿಲ್ಲಿಸಲಿಲ್ಲ. ರೊಟ್ಟಿ ಹಂಚಿಗೆ ಹಾಕಿ, ಅದು ಬೆಂದ ಮೇಲೆ ತೆಗೆದಿಟ್ಟು, ಆಮೇಲೆ ಕೇಳಿದಳು.

"ನನ್ನ ಮಗಾ ಹೊಡದಿದ್ದು ಖರೆ ಏನ್ರಿ ಅಕ್ಕೋರ?"

ಹೌದು ಎಂದೆ.

"ಬಿದ್ದವಗ ಮತ್ತ ಹೊಡದಾ?"

ಹೌದು ಎಂದೆ.

"ನಮ್ಮ ಮನ್ಯಾಗ ಕೂಸಿನ ಮ್ಯಾಗ ಕೈ ಎತ್ತಿದವರಿಲ್ರಿ. ಅವರಪ್ಪ ಕುಡದ್ರೂ ಎತ್ತಲಿಲ್ಲ. ಇಂವಾ ಎಲ್ಲಿ ಕಲತಾ ಇದನ್ನ?"

ನಾನು ಏನೂ ಹೇಳದೆ ಬಂದುಬಿಡಬಹುದಿತ್ತು. ಆ ಪ್ರಶ್ನೆ ಕೇಳಿದ್ದು ನನ್ನನ್ನಲ್ಲ, ಒಲೆಯನ್ನು ನೋಡಿಕೊಂಡು ಕೇಳಿದ್ದಳು. ನಾನು ಹೇಳಿದೆ. ಹೆಬ್ಬೆರಳು ಬಾಗಿಲಿಗೆ ಸಿಕ್ಕಿದ್ದಲ್ಲ ಎಂದು ಹೇಳಿದೆ. ಯಾವ ಅಕ್ಷರಕ್ಕೆ ಎಂದು ಹೇಳಿದೆ, ಎಷ್ಟು ಏಟು ಎಂದು ಹೇಳಿದೆ.

ಅವಳು ಎದ್ದು ಬಂದು ನನ್ನ ಕೆನ್ನೆಗೆ ಹೊಡೆದಳು. ನಲವತ್ತು ವರ್ಷ ರೊಟ್ಟಿ ಬಡಿದ ಕೈ. ನಾನು ಗೋಡೆ ಹಿಡಿದುಕೊಂಡೆ. ಇನ್ನೊಂದು ಬರುತ್ತದೆ ಎಂದು ಮುಖ ಅಲ್ಲೇ ಹಿಡಿದು ನಿಂತೆ. ಬರಲಿಲ್ಲ. ಅವಳು ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದಳು. ಆಮೇಲೆ, "ಅಂವಾ ಕಾಗದ ಬರದ್ರ ನೀವ ಬಂದು ಓದಬೇಕ್ರಿ. ಬ್ಯಾರೆ ಯಾರಿಗೂ ನಾ ಕೊಡೂದಿಲ್ಲ" ಎಂದು ಹೇಳಿ ಮತ್ತೆ ಒಲೆಯ ಮುಂದೆ ಕುಳಿತಳು.

ಮುಖದ ಮೇಲಿನ ಹಿಟ್ಟನ್ನು ಒರೆಸಿಕೊಳ್ಳದೆ ಪೇಟೆಯ ದಾರಿಯಲ್ಲಿಯೇ ಮನೆಗೆ ಬಂದೆ. ಜನ ನೋಡಿದರು.

ಅವಳಿಗೆ ಬರೆ. ಅವಳಿಗೆ ತಿಳಿಯುವ ಮಾತಿನಲ್ಲಿ, ನಿನಗೆ ಬಂದ ಹಾಗೆ ಬರೆ. ನೀನು ಬರೆದದ್ದನ್ನು ಬರೆದ ಹಾಗೆಯೇ ಓದುತ್ತೇನೆ.

ನೀಲಕ್ಕ